ತೊಗಲು, ಮುಳ್ಳು, ಹೆಸರು: ಕ್ರೀ ಮೊಕಾಸಿನ್‌ಗಳು ಕಲಿಸಿದ ಹನ್ನೆರಡು ಪಾಠಗಳು

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಮ್ಯೂಸಿಯಂ ಒಂದರಲ್ಲಿ ತೊಗಲು, ಉಣ್ಣೆ, ಗರಿ, ಮುಳ್ಳು ಮುಂತಾದ ಪ್ರಾಣಿಮೂಲದ ವಸ್ತುಗಳನ್ನು ಕಾಪಿಡುವುದು ನನ್ನ ಉದ್ಯೋಗ. ನಮ್ಮ ಕಪಾಟುಗಳಲ್ಲಿ ನಾನು ಹೆಚ್ಚು ಹೊತ್ತು ಕಳೆದಿರುವುದು ಕ್ರೀ ಜನರ ಮೊಕಾಸಿನ್‌ಗಳ ಜೊತೆ. ಕ್ರೀಗಳು ಕೆನಡಾದ ಮೂಲನಿವಾಸಿಗಳಲ್ಲಿ ಬಹು ದೊಡ್ಡ ಸಮುದಾಯ. ಪೂರ್ವದ ಜೇಮ್ಸ್ ಕೊಲ್ಲಿಯಿಂದ ಪಶ್ಚಿಮದ ರಾಕಿ ಪರ್ವತಗಳ ತಪ್ಪಲಿನ ತನಕ ಅವರ ಊರುಗಳು ಹರಡಿವೆ. ಮೊಕಾಸಿನ್ ಎಂಬ ಈ ತೊಗಲಿನ ಮೆತ್ತನೆಯ ಪಾದರಕ್ಷೆಯ ಮೇಲೆ, ಬಣ್ಣ ಹಾಕಿದ ಮುಳ್ಳುಹಂದಿ ಮುಳ್ಳುಗಳನ್ನು ಮಡಚಿ ಹೊಲಿದು ಚಿತ್ತಾರ ಮೂಡಿಸುವುದು ಅವರ ಹೆಂಗಸರ ಹಳೆಯ ವಿದ್ಯೆ.

ನಾನು ಮೊಕಾಸಿನ್ ಮಾಡುವವಳಲ್ಲ. ಆದರೆ ಒಂದು ವಸ್ತು ಹೇಗೆ ಹುಟ್ಟಿತೆಂದು ಗೊತ್ತಿಲ್ಲದವರು ಅದರ ದುರಸ್ತಿಗೆ ಕೈಹಾಕಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ಅದಕ್ಕಾಗಿ ಕ್ರೀ ಹಿರಿಯರೊಬ್ಬರ ಪಕ್ಕ ಕೂತು ಮಾದರಿ ತುಂಡುಗಳನ್ನು ಹೊಲಿದಿದ್ದೇನೆ. ಅವರನ್ನು ಊರಿನವರೆಲ್ಲ ಕೋಕುಮ್ ಎನ್ನುತ್ತಾರೆ, ನಾನು ಅಜ್ಜಿ ಎನ್ನುತ್ತೇನೆ. ಕಪಾಟಿನಿಂದಲೂ ಅಜ್ಜಿಯಿಂದಲೂ ಕಲಿತದ್ದರಲ್ಲಿ ಬೇರೆಯವರಿಗೂ ಉಪಯೋಗವಾಗಬಹುದಾದ್ದು ಇಲ್ಲಿದೆ. ಎಲ್ಲದರ ತಿರುಳು ಇಷ್ಟೇ: ಈ ಮುಳ್ಳಿನ ಕೆಲಸವನ್ನು ಅಲಂಕಾರವೆಂದು ನೋಡಿದರೆ ಬಣ್ಣ ಮಾತ್ರ ಕಾಣುತ್ತದೆ. ದುಡಿಮೆಯೆಂದು ನೋಡಿದರೆ ಮಾಡಿದವಳು ಕಾಣುತ್ತಾಳೆ.

1. ಮುಳ್ಳು ನೋಡುವ ಮೊದಲು ತೊಗಲು ನೋಡಿ

ಗಾಜಿನ ಪೆಟ್ಟಿಗೆಯ ಮುಂದೆ ನಿಂತವರ ಕಣ್ಣು ನೇರ ಚಿತ್ತಾರಕ್ಕೆ ಹೋಗುತ್ತದೆ. ಆದರೆ ಒಂದು ಜೊತೆ ಮೊಕಾಸಿನ್‌ಗೆ ತಗಲುವ ಶ್ರಮದಲ್ಲಿ ಬಹುಪಾಲು ಚಿತ್ತಾರ ಶುರುವಾಗುವ ಮೊದಲೇ ಮುಗಿದಿರುತ್ತದೆ. ಜಿಂಕೆ ಕುಲದಲ್ಲೇ ಅತಿ ದೊಡ್ಡದಾದ ಮೂಸ್, ಇಲ್ಲವೇ ಕ್ಯಾರಿಬೂ, ಜಿಂಕೆ, ಇವುಗಳ ತೊಗಲು ಬೇಕು. ಒಳಬದಿಯಲ್ಲಿ ಉಳಿದ ಮಾಂಸವನ್ನು ಅಂಚಿಗೆ ಹಲ್ಲು ಕೊರೆದ ಕಾಲೆಲುಬಿನಿಂದ ಹೆರೆಯುತ್ತಾರೆ. ಹೊರಬದಿಯ ಕೂದಲನ್ನು, ಅದರ ಬುಡದ ಪದರದ ಸಮೇತ, ಬೇರೊಂದು ಹತ್ಯಾರದಿಂದ ಕೆರೆದು ತೆಗೆಯುತ್ತಾರೆ. ಆಮೇಲೆ ಪ್ರಾಣಿಯ ಮಿದುಳನ್ನು ಬಿಸಿನೀರಿನಲ್ಲಿ ಕದಡಿ ತೊಗಲಿಗೆ ಉಣಿಸುತ್ತಾರೆ. ಮಿದುಳಿನ ಜಿಡ್ಡು ತೊಗಲಿನ ನಾರುಗಳ ನಡುವೆ ಇಳಿದು, ಅವು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ತಡೆಯುತ್ತದೆ. ಹಿಂಡಬೇಕು, ಎಳೆಯಬೇಕು, ಪೂರ್ತಿ ಒಣಗುವವರೆಗೂ ಎಳೆಯುತ್ತಲೇ ಇರಬೇಕು. ರಟ್ಟೆ ಸೋಲುವ ಕೆಲಸ.

ಕೊನೆಯದು ಹೊಗೆ. ತೊಗಲನ್ನು ಚೀಲದ ಹಾಗೆ ಹೊಲಿದು, ಕೊಳೆತು ಹಗುರಾದ ಮರದ ತುಂಡುಗಳ ಹೊಗೆಯ ಮೇಲೆ ತೂಗುಹಾಕುತ್ತಾರೆ. ಉರಿ ಏಳಬಾರದು. ಈ ಹೊಗೆ ಬರೀ ಹೊಂಬಣ್ಣಕ್ಕಲ್ಲ. ಅದರಲ್ಲಿರುವ ಆಲ್ಡಿಹೈಡ್‌ಗಳು ನಾರುಗಳೊಂದಿಗೆ ಬೆಸೆದುಕೊಳ್ಳುವುದರಿಂದ, ಹೊಗೆಯುಂಡ ತೊಗಲು ನೆನೆದು ಒಣಗಿದರೂ ಹೆಚ್ಚುಕಡಿಮೆ ಮೆತ್ತಗೇ ಇರುತ್ತದೆ. ಹೊಗೆ ಕಾಣದ ಬಿಳಿ ತೊಗಲು ನೆನೆದು ಒಣಗಿದರೆ ಸೆಟೆದುಕೊಳ್ಳುತ್ತದೆ. ಆದ್ದರಿಂದ ನನ್ನ ಮೇಜಿನ ಮೇಲೆ ಯಾವ ಜೋಡಿ ಬಂದರೂ ಮೊದಲ ಪ್ರಶ್ನೆ ಇದಕ್ಕೆ ಹೊಗೆ ಕೊಟ್ಟಿದೆಯೇ ಎಂಬುದು. ಉತ್ತರ ಸಿಗುವ ತನಕ ಒದ್ದೆ ಹತ್ತಿಯೂ ಹತ್ತಿರ ಸುಳಿಯಬಾರದು. ಮೂಗಿನಿಂದಲೂ ಅರ್ಧ ಉತ್ತರ ಸಿಗುತ್ತದೆ: ದಶಕಗಳ ಕಾಲ ಮುಚ್ಚಿಟ್ಟ ಪೆಟ್ಟಿಗೆ ತೆರೆದರೂ ಹೊಗೆವಾಸನೆ ಹೊರಗೆ ಬರುತ್ತದೆ.

2. ಆಕಾರಕ್ಕೆ ಕಾರಣ ಕಾಲ ಕೆಳಗಿನ ನೆಲ

ಉತ್ತರದ ಕಾಡಿನ ಕ್ರೀ ಮೊಕಾಸಿನ್‌ಗೆ ಗಟ್ಟಿ ಅಟ್ಟೆ ಇರುವುದಿಲ್ಲ. ಅಡಿಭಾಗದ ತೊಗಲೇ ಮೇಲಕ್ಕೆ ಮಡಚಿ ಬಂದು, ಬೆರಳುಗಳ ಸುತ್ತ ಸಣ್ಣ ಸಣ್ಣ ನೆರಿಗೆಗಳಾಗಿ, ಪಾದದ ಮೇಲೆ ನಾಲಗೆಯಾಕಾರದ ಇನ್ನೊಂದು ತುಂಡಿಗೆ ಸೇರುತ್ತದೆ. ಚಿತ್ತಾರಕ್ಕೆ ಸಿಗುವ ಜಾಗ ಮುಖ್ಯವಾಗಿ ಆ ತುಂಡೇ. ಅದನ್ನು ಬೇರೆಯಾಗಿ ಹೊಲಿದು ಸಿದ್ಧಮಾಡಿಕೊಂಡು ಆಮೇಲೆ ಕೂಡಿಸಬಹುದು. ಅಡಿ ಸವೆದಾಗ ಮೇಲ್ತುಂಡನ್ನು ಬಿಡಿಸಿ ಹೊಸ ಜೋಡಿಗೆ ಹೊಲಿಯಲೂಬಹುದು. ಕಣಕಾಲಿನ ಸುತ್ತ ಎತ್ತರದ ಪಟ್ಟಿ, ಅದನ್ನು ಬಿಗಿಯಲು ತೊಗಲಿನ ದಾರ. ಚಳಿಗಾಲದಲ್ಲಿ ಒಳಗೆ ಮೊಲದ ತುಪ್ಪಳ, ಇಲ್ಲವೇ ವ್ಯಾಪಾರದಿಂದ ಬಂದ ದಪ್ಪ ಉಣ್ಣೆಬಟ್ಟೆ. ಹಿಮದ ಮೇಲೆ ನಡೆಯಲು ಕಾಲಿಗೆ ಕಟ್ಟುವ ಬಲೆಹೆಣಿಗೆಯ ಅಗಲ ಚೌಕಟ್ಟಿನ ಜೊತೆ ಇಂಥ ಮೆತ್ತನೆಯದೇ ಹೊಂದುತ್ತದೆ. ಗಟ್ಟಿ ಅಟ್ಟೆ ಆ ಹೆಣಿಗೆಯನ್ನು ಕೊಯ್ದುಬಿಡುತ್ತದೆ.

ಬಯಲುಸೀಮೆಗೆ ಇಳಿದ ಕ್ರೀಗಳಿಗೆ ಎದುರಾದದ್ದು ಒಣ ಹುಲ್ಲು, ಕಲ್ಲು, ಪಾಪಾಸುಕಳ್ಳಿ. 19ನೇ ಶತಮಾನದಲ್ಲಿ ಅಲ್ಲಿ ಹದ ಮಾಡದ ಗಟ್ಟಿ ತೊಗಲಿನ ಅಟ್ಟೆಯನ್ನು ಬೇರೆ ಕತ್ತರಿಸಿ ಹೊಲಿಯುವ ರೂಢಿ ಹೆಚ್ಚಾಯಿತು. ಬೆರಳು ಚುಚ್ಚುವ ನೆಲಕ್ಕೆ ಒಂದು ಉತ್ತರ, ಮೆತ್ತನೆಯ ಹಿಮಕ್ಕೆ ಇನ್ನೊಂದು. ಎರಡೂ ಒಂದೇ ಜನರವು.

3. ಆಕಾರ ನೋಡಿ ಜನಾಂಗ ಘೋಷಿಸಬೇಡಿ

ತುಪ್ಪಳದ ವ್ಯಾಪಾರಕ್ಕೆಂದು ಹಡ್ಸನ್ಸ್ ಬೇ ಕಂಪನಿ ಸ್ಥಾಪನೆಯಾದದ್ದು 1670ರಲ್ಲಿ. ಅದರ ಕೋಠಿಗಳ ಸುತ್ತ ಕ್ರೀ ಹೆಂಗಸರು ಮೊಕಾಸಿನ್ ಹೊಲಿದರು, ಹಿಮದ ಚೌಕಟ್ಟಿಗೆ ಬಲೆ ಹೆಣೆದರು, ತುಪ್ಪಳ ಹದ ಮಾಡಿದರು. ಲಂಡನ್ನಿನ ಷೇರುದಾರರು ಲಾಭ ಎಣಿಸಿದ ಆ ವ್ಯಾಪಾರ ನಿಜವಾಗಿ ನಡೆದದ್ದು ಈ ಹೆಂಗಸರು ಹೊಲಿದ ಪಾದರಕ್ಷೆಗಳ ಮೇಲೆ. ಕೋಠಿಗಳಲ್ಲಿ ಯುರೋಪಿಯನ್ ವ್ಯಾಪಾರಿಗಳಿಗೂ ಮೂಲನಿವಾಸಿ ಹೆಂಗಸರಿಗೂ ಮದುವೆಗಳಾದವು, ಮೆಟಿ ಎಂಬ ಹೊಸ ಜನಾಂಗ ಮೂಡಿತು, ಕ್ರೀ, ಮೆಟಿ ಹೆಂಗಸರೂ ನೆರೆಯ ಡೆನೆ, ಅನಿಶಿನಾಬೆ ಜನರ ಹೆಂಗಸರೂ ಪರಸ್ಪರ ನೋಡಿ ಕಲಿತರು. ಸೊಸೆ ಬೇರೆ ಊರಿನವಳಾದರೆ ಮನೆಯ ನೆರಿಗೆಯೂ ಬದಲಾಗುತ್ತಿತ್ತು.

ಹಾಗಾಗಿ ಶೈಲಿಯೊಂದನ್ನೇ ಹಿಡಿದು ಇದು ಕ್ರೀ ಎಂದು ಬರೆಯುವುದು ಅವಸರ. ಎಲ್ಲಿ, ಯಾವಾಗ, ಯಾರ ಕೈಯಿಂದ ಸಂಗ್ರಹವಾಯಿತು ಎಂಬ ದಾಖಲೆ ಇದ್ದರೆ ಅದನ್ನು ಬರೆಯಿರಿ. ಇಲ್ಲದಿದ್ದರೆ ‘ಕ್ರೀ ಇರಬಹುದು’ ಎಂದು ಬರೆಯಲು ನಾಚಬೇಕಾಗಿಲ್ಲ.

4. ಇದು ನಮ್ಮೂರಿನ ಮುಳ್ಳುಹಂದಿಯಲ್ಲ

ಕರ್ನಾಟಕದಿಂದ ಬಂದ ಗೆಳತಿಯರು ನನ್ನ ಕೆಲಸದ ಮೇಜು ನೋಡಿ ಮೊದಲು ಕೇಳುವುದು ಇಷ್ಟು ಸಣ್ಣ ಮುಳ್ಳೇ ಎಂದು. ನಮ್ಮ ಕಡೆಯ ಮುಳ್ಳುಹಂದಿಯ ಮುಳ್ಳು ಒಂದು ಅಡಿಯನ್ನೂ ಮೀರಬಹುದು. ಗಟ್ಟಿ, ಕಪ್ಪುಬಿಳಿ ಪಟ್ಟೆಯದು. ಸೀಮಂತದಲ್ಲಿ ಗರ್ಭಿಣಿಯ ಬೈತಲೆ ತೆಗೆಯಲು ಗೃಹ್ಯಸೂತ್ರಗಳು ಹೇಳುವ ಮುಳ್ಳು ಅದೇ. 19ನೇ ಶತಮಾನದಲ್ಲಿ ವಿಶಾಖಪಟ್ಟಣದ ಮತ್ತು ಸಿಂಹಳದ ಕುಶಲಕರ್ಮಿಗಳು ಯುರೋಪಿಯನ್ನರಿಗೆ ಮಾರಿದ ಮುಳ್ಳಿನ ಪೆಟ್ಟಿಗೆಗಳಲ್ಲಿ ಅದನ್ನು ನೆಟ್ಟಗೆ ಸಾಲಾಗಿ ಜೋಡಿಸಿದ್ದಾರೆ. ಅದನ್ನು ಮಡಚಿ ಹೊಲಿಯಲು ಹೋದರೆ ಸೀಳುತ್ತದೆ. ಜೊತೆಗೆ, ಭಾರತದಲ್ಲಿ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಕುತೂಹಲಕ್ಕೆಂದು ಮುಳ್ಳು ಕೊಳ್ಳಲು ಹೊರಡಬೇಡಿ.

ಉತ್ತರ ಅಮೆರಿಕದ ಮುಳ್ಳುಹಂದಿ ಬೇರೆಯೇ ಕುಲದ್ದು. ಮರ ಹತ್ತುತ್ತದೆ, ಚಳಿಗಾಲದಲ್ಲಿ ತೊಗಟೆ ತಿಂದು ಬದುಕುತ್ತದೆ. ಮೈಮೇಲೆ ಸುಮಾರು 30,000 ಮುಳ್ಳುಗಳು. ಹೆಚ್ಚಿನವು 10 ಸೆಂಟಿಮೀಟರಿನ ಒಳಗೇ. ಬಿಳಿ ಕೊಳವೆ, ಕಪ್ಪು ತುದಿ. ಕೂದಲು, ಉಗುರುಗಳ ಹಾಗೆ ಕೆರಾಟಿನ್‌ನಿಂದ ಆದದ್ದು. ಒಳಗೆ ಹಗುರವಾದ ತಿರುಳು. ತುದಿಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ, ಹಿಂದಕ್ಕೆ ಬಾಗಿದ ಕೊಕ್ಕೆಗಳಿವೆ. ಬೆರಳಿಗೆ ಹೊಕ್ಕರೆ ಹೊರಗೆ ಬರದೆ ಒಳಗೇ ಸರಿಯುತ್ತದೆ. ಪ್ರಾಣಿ ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎಂಬುದು ಇಲ್ಲಿಯೂ ಚಲಾವಣೆಯಲ್ಲಿರುವ ಕಟ್ಟುಕಥೆ. ಮುಟ್ಟಿದರೆ ಕಳಚಿಕೊಳ್ಳುತ್ತದೆ, ಅಷ್ಟೇ. ಆ ಗುಣವನ್ನೇ ಬಳಸಿಕೊಂಡು, ಪ್ರಾಣಿಯ ಮೇಲೆ ಕಂಬಳಿ ಎಸೆದು, ಅದಕ್ಕೆ ಚುಚ್ಚಿಕೊಂಡ ಮುಳ್ಳುಗಳನ್ನು ಆರಿಸಿ ಪ್ರಾಣಿಯನ್ನು ಹೋಗಗೊಡುವುದು ಹಳೆಯ ಉಪಾಯ. ಮಾಂಸಕ್ಕಾಗಿ ಬೇಟೆಯಾಡಿದಾಗಲೂ ಮುಳ್ಳು ಸಿಗುತ್ತಿತ್ತು. ಈಗ ಹೆಚ್ಚು ಸಿಗುವುದು ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಗಳಿಂದ. ಅಂಥದ್ದರಿಂದ ಮುಳ್ಳು ತೆಗೆಯುವ ಮೊದಲೂ ಅಜ್ಜಿ ಚಿಟಿಕೆ ತಂಬಾಕನ್ನು ನೆಲದ ಮೇಲಿಟ್ಟು ಪ್ರಾಣಿಗೆ ಕೃತಜ್ಞತೆ ಹೇಳುತ್ತಾರೆ.

5. ವಿಂಗಡಣೆಗೆ ಕೊಟ್ಟ ಹೊತ್ತು ದಂಡವಲ್ಲ

ಬಾಲದ ಮುಳ್ಳು ದಪ್ಪ, ಬೆನ್ನಿನದು ಉದ್ದ, ಕುತ್ತಿಗೆಯದು ಸಪೂರ, ಹೊಟ್ಟೆಯ ಹತ್ತಿರದ್ದು ಎಲ್ಲಕ್ಕಿಂತ ನಯ. ದಪ್ಪನೆಯದು ತೊಗಲಿನ ಎಳೆಗಳ ಸುತ್ತ ಸುತ್ತಲು, ಸಪೂರವಾದದ್ದು ಗೆರೆ ಹೊಲಿಯಲು. ಮೊದಲು ಸೋಪುನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ಜಿಡ್ಡಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಅಳತೆಗೆ ತಕ್ಕಂತೆ ಬೇರೆ ಬೇರೆ ಡಬ್ಬಿಗಳಿಗೆ. ಹಿಂದೆ ಪ್ರಾಣಿಯ ಮೂತ್ರಕೋಶವನ್ನು ಒಣಗಿಸಿ ಮಾಡಿದ ಚೀಲಗಳಲ್ಲಿ ಇಡುತ್ತಿದ್ದರು. ಮುಳ್ಳು ಚುಚ್ಚಿದರೂ ಅವು ಹರಿಯುವುದಿಲ್ಲ. ಹಳೆಯ ಜೋಡಿಯೊಂದರಲ್ಲಿ ಸಾಲುಗಳ ಅಗಲ ಕೂದಲೆಳೆಯಷ್ಟೂ ಏರುಪೇರಾಗದಿದ್ದರೆ, ಅದು ಹೊಲಿಗೆಯ ಜಾಣ್ಮೆ ಎನ್ನುವ ಮೊದಲು ವಿಂಗಡಣೆಯ ತಾಳ್ಮೆ ಎನ್ನಿ.

6. ಒದ್ದೆ ಇರುವಷ್ಟು ಹೊತ್ತೇ ಕೆಲಸ

ಒಣಮುಳ್ಳು ಮಡಚಿದರೆ ಮುರಿಯುತ್ತದೆ. ನೆನೆದ ಮುಳ್ಳು ಹೇಳಿದ ಹಾಗೆ ಕೇಳುತ್ತದೆ. ಹಿಂದಿನ ಹೆಂಗಸರು ಕೆಲವು ಮುಳ್ಳುಗಳನ್ನು ಬಾಯಲ್ಲಿ ಕೆನ್ನೆಯ ಪಕ್ಕ ಇಟ್ಟುಕೊಂಡು, ಬೇಕೆಂದಾಗ ಒಂದನ್ನು ಹೊರಗೆಳೆದು, ಹಲ್ಲಿನ ನಡುವೆ ಜಗ್ಗಿ ಚಪ್ಪಟೆ ಮಾಡಿ ಹೊಲಿಯುತ್ತಿದ್ದರು. ಚಪ್ಪಟೆ ಮಾಡಲು ಎಲುಬಿನ, ಕೊಂಬಿನ, ಆಮೇಲೆ ಲೋಹದ ಪಟ್ಟಿಗಳೂ ಇದ್ದವು. ಅಜ್ಜಿ ಈಗ ಬೆಚ್ಚಗಿನ ನೀರಿನ ಬಟ್ಟಲು ಇಟ್ಟುಕೊಳ್ಳುತ್ತಾರೆ, ಹೆಬ್ಬೆರಳಿನ ಉಗುರಿನಿಂದ ಒತ್ತುತ್ತಾರೆ.

ಬಾಳೆನಾರಿನಲ್ಲಿ ಹೂ ಕಟ್ಟಿದವರಿಗೆ ಈ ಲಯ ಬೇಗ ಕೈಗೆ ಹತ್ತುತ್ತದೆ: ನಾರು ಒಣಗುವ ಮೊದಲೇ ಸುತ್ತು ಬಿಗಿಯಬೇಕು, ಹಾಗೆಂದು ಗಡಿಬಿಡಿ ಮಾಡಿದರೆ ಹೂ ಹರಿಯುತ್ತದೆ. ಮುಳ್ಳಿನಲ್ಲಿ ಒಂದು ಲಾಭ ಹೆಚ್ಚು. ಒಣಗುತ್ತಾ ಅದು ಮಡಿಕೆಯ ಆಕಾರದಲ್ಲೇ ಗಟ್ಟಿಯಾಗಿ ದಾರವನ್ನು ತಾನೇ ಕಚ್ಚಿ ಹಿಡಿಯುತ್ತದೆ.

ಸಂರಕ್ಷಣೆಯಲ್ಲಿ ಇದು ತಿರುಗುಮುರುಗು. ನೂರೈವತ್ತು ವರ್ಷದ ಮುಳ್ಳು ಮಡಿಕೆಯಲ್ಲೇ ಬಿರಿದಿರುತ್ತದೆ. ಎದ್ದುನಿಂತ ತುದಿಯನ್ನು ಮತ್ತೆ ಕೂರಿಸಲು ಸ್ವಲ್ಪವೇ ತೇವ ಬೇಕು. ಅದೇ ತೇವ ಪಕ್ಕದ ಬಣ್ಣವನ್ನು ಹರಡಬಹುದು, ಕೆಳಗಿನ ತೊಗಲನ್ನು ಸೆಟೆಸಬಹುದು. ನೀರನ್ನು ಸುರಿಯುವುದಲ್ಲ. ಆವಿಯಾಗಿ, ಬೇಕಾದ ಜಾಗಕ್ಕಷ್ಟೇ, ನಿಧಾನವಾಗಿ ತಲುಪಿಸುವುದು.

7. ಹೊಲಿಗೆಯ ದಾರ ಕಾಣದಿದ್ದರೆ ಅದೇ ಹೊಲಿಗೆಯ ಗೆಲುವು

ಹಳೆಯ ಕೆಲಸದಲ್ಲಿ ದಾರವೆಂದರೆ ಮೂಸ್ ಅಥವಾ ಕ್ಯಾರಿಬೂ ಬೆನ್ನೆಲುಬಿನ ಉದ್ದಕ್ಕೂ ಹಬ್ಬಿದ ಸ್ನಾಯುವಿನ ನಾರು. ಒಣಗಿಸಿ, ಎಳೆ ಎಳೆಯಾಗಿ ಸೀಳಿ, ಎಂಜಲಿನಿಂದ ನೆನೆಸಿ, ತೊಡೆಯ ಮೇಲೆ ಹೊಸೆಯುತ್ತಿದ್ದರು. ತುದಿ ಒಣಗಿ ಸೂಜಿಯಂತೆ ಗಟ್ಟಿಯಾಗುವುದರಿಂದ, ದಬ್ಬಳದಿಂದ ತೂತು ಮಾಡಿ ನೇರ ತೂರಿಸಬಹುದಿತ್ತು. ಆ ತೂತು ತೊಗಲನ್ನು ಪೂರ್ತಿ ದಾಟುವುದಿಲ್ಲ. ಮೇಲ್ಪದರವನ್ನಷ್ಟೇ ಎತ್ತಿ ಸಾಗುತ್ತದೆ. ಅದಕ್ಕೇ ಒಳಬದಿಯಲ್ಲಿ ಒಂದು ಎಳೆಯೂ ಕಾಣುವುದಿಲ್ಲ, ಪಾದಕ್ಕೆ ಉಜ್ಜುವುದೂ ಇಲ್ಲ. ಒಳಬದಿ ನೋಡಲು ಸಣ್ಣ ಕನ್ನಡಿ ಮತ್ತು ಟಾರ್ಚ್ ಬಳಸಿ. ಬಗ್ಗಿಸಿ ತೆರೆಯಬೇಡಿ.

ಮುಂಬದಿಯ ವ್ಯಾಕರಣ ಕಲಿಯಲು ಕೆಲವು ಮೂಲ ಪಟ್ಟುಗಳು ಸಾಕು. ಒಂದೇ ದಾರದ ಮೇಲೆ ಮುಳ್ಳನ್ನು ಸುತ್ತಿ ಎಳೆದರೆ ಸಪೂರ ಗೆರೆ. ಹೂವಿನ ದಂಟು, ಬಳ್ಳಿಯ ಸುರುಳಿ ಇದರಿಂದ. ಎರಡು ಸಮಾನಾಂತರ ದಾರಗಳ ನಡುವೆ ಮುಳ್ಳನ್ನು ಮೇಲೆ ಕೆಳಗೆ ಮಡಚಿದರೆ ಅಗಲ ಪಟ್ಟಿ. ಓರೆಯಾಗಿ ಮಡಚಿದರೆ ಹಲ್ಲುಹಲ್ಲಿನ ಸಾಲು. ಎರಡು ಮುಳ್ಳುಗಳನ್ನು ಒಟ್ಟಿಗೆ ಹೆಣೆದರೆ ಸಣ್ಣ ವಜ್ರಾಕಾರಗಳು. ಒಂದು ಮುಳ್ಳು ಮುಗಿದಾಗ ಮುಂದಿನದರ ತುದಿಯನ್ನು ಹಿಂದಿನದರ ಮಡಿಕೆಯ ಕೆಳಗೆ ತುರುಕುತ್ತಾರೆ. ಭೂತಗನ್ನಡಿ ಹಿಡಿದರೂ ಕೂಡಿಕೆ ಸುಲಭಕ್ಕೆ ಸಿಗದು.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಬಿಲ್ಲುಮಗ್ಗದ ನೇಯ್ಗೆ. ವಿಲ್ಲೋ ಕೋಲನ್ನು ಬಿಲ್ಲಿನಂತೆ ಬಗ್ಗಿಸಿ, ತುದಿಯಿಂದ ತುದಿಗೆ ಹಾಸುದಾರಗಳನ್ನು ಬಿಗಿದು, ಹೊಕ್ಕುದಾರ ಹಾಯುವಾಗೆಲ್ಲ ಮುಳ್ಳನ್ನು ಅದರ ಸುತ್ತ ಮಡಚಿ ಒತ್ತುತ್ತಾ ಹೋಗುತ್ತಾರೆ. ಬಂದ ಪಟ್ಟಿ ಮಣಿಗಳ ಸಾಲಿನಷ್ಟು ಸಮ. ಕ್ರೀ, ಮೆಟಿ, ಡೆನೆ ಹೆಂಗಸರು 19ನೇ ಶತಮಾನದಲ್ಲಿ ಇದನ್ನು ಸೊಂಟಪಟ್ಟಿ, ತೋಳಪಟ್ಟಿಗಳಿಗೆ ಬಳಸಿದರು. ಎಳೆಗಳ ಲೆಕ್ಕ ತಪ್ಪದೆ ರೇಖಾಗಣಿತದ ಚಿತ್ತಾರ ಬರಬೇಕಾದರೆ ನಕಾಶೆ ತಲೆಯಲ್ಲೇ ಇರಬೇಕು. ಇದನ್ನು ಮಾಡಿದವರನ್ನು ಅನಕ್ಷರಸ್ಥರು ಎಂದು ಪ್ರವಾಸಿಗಳು ಬರೆದಿಟ್ಟರು.

8. ಬಣ್ಣ ಹೇಳುವ ಕಾಲವನ್ನು ಅರ್ಧ ಮಾತ್ರ ನಂಬಿ

ಕೆಂಪಿಗೆ ಗ್ಯಾಲಿಯಂ ಜಾತಿಯ ಗಿಡದ ಬೇರು. ನಮ್ಮ ಮಂಜಿಷ್ಠದ್ದೂ ಅದೇ ಸಸ್ಯಕುಟುಂಬ. ಕಂದುಕೆಂಪಿಗೆ ಆಲ್ಡರ್ ಮರದ ತೊಗಟೆ, ನೇರಳೆ ಛಾಯೆಗೆ ಕಾಡುಹಣ್ಣು. ವ್ಯಾಪಾರದ ಕೆಂಪು ಉಣ್ಣೆಬಟ್ಟೆ ಕೈಗೆ ಬಂದಾಗ ಅದರ ಚೂರುಗಳನ್ನು ಮುಳ್ಳಿನ ಜೊತೆ ಕುದಿಸಿ, ಬಟ್ಟೆಯ ಬಣ್ಣವನ್ನೇ ಮುಳ್ಳಿಗೆ ಇಳಿಸಿದ ಜಾಣೆಯರೂ ಇದ್ದರು. 1856ರಲ್ಲಿ ವಿಲಿಯಂ ಪರ್ಕಿನ್ ಮೊದಲ ಕೃತಕ ಬಣ್ಣ ಕಂಡುಹಿಡಿದ ಮೇಲೆ, ಕೆಲವೇ ದಶಕಗಳಲ್ಲಿ ಪುಡಿಬಣ್ಣದ ಪೊಟ್ಟಣಗಳು ಕೋಠಿಗಳಿಗೂ ಬಂದವು.

ಕಣ್ಣಿಗೆ ಕಾಣುವ ಬಣ್ಣ ಮಾಡಿದವಳು ಹಾಕಿದ ಬಣ್ಣ ಎಂದುಕೊಳ್ಳಬೇಡಿ. ಹಲವು ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ. ಇಂದು ತಿಳಿಹಳದಿ ಕಾಣುವ ಹೂ ಒಮ್ಮೆ ಗಾಢ ಕಿತ್ತಳೆ ಇದ್ದಿರಬಹುದು. ಮಡಿಕೆಯ ಒಳಗೆ, ಕಣಕಾಲ ಪಟ್ಟಿ ಮುಚ್ಚಿದ್ದ ಅಂಚಿನಲ್ಲಿ ನೋಡಿ, ಮೂಲಬಣ್ಣ ಅಲ್ಲಿ ಉಳಿದಿರುತ್ತದೆ. ಪ್ರದರ್ಶನದಲ್ಲಿ ನಾವು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ, ಕೆಲ ತಿಂಗಳಿಗೆ ಜೋಡಿಯನ್ನು ಒಳಗಿಟ್ಟು ಬೇರೆಯದನ್ನು ಹೊರಗಿಡುತ್ತೇವೆ. ಕೋಣೆ ಕತ್ತಲಾಯಿತು ಎಂಬ ದೂರು ಬಂದಾಗ ಹೇಳುವ ಉತ್ತರ ಒಂದೇ: ಹೋದ ಬಣ್ಣವನ್ನು ಯಾವ ಸಂರಕ್ಷಕಿಯೂ ಮರಳಿ ತರಲಾರಳು.

9. ಮಣಿ ಬಂತು, ಮುಳ್ಳು ಹೋಯಿತು ಎಂಬ ಕಥೆ ಅರೆಬರೆ

ವೆನಿಸ್ ಮತ್ತು ಬೊಹೀಮಿಯಾದ ಗಾಜಿನ ಮಣಿಗಳು ಬಂದ ಮೇಲೆ ಮುಳ್ಳಿನ ಕೆಲಸ ಕಡಿಮೆಯಾದದ್ದು ನಿಜ. ಮಣಿಗೆ ತೊಳೆಯುವ, ಬಣ್ಣ ಹಾಕುವ, ನೆನೆಸುವ ರಗಳೆಯಿಲ್ಲ. ಆದರೆ ಬಹಳ ಕಾಲ ಎರಡೂ ಒಂದೇ ಮೊಕಾಸಿನ್ ಮೇಲೆ ಅಕ್ಕತಂಗಿಯರಂತೆ ಬಾಳಿದವು. ಮುಳ್ಳಿನ ಹೂಬಳ್ಳಿಗೆ ಮಣಿಯ ಅಂಚು, ರೇಷ್ಮೆದಾರದ ಕಸೂತಿಯ ಪಕ್ಕ ಮುಳ್ಳು ಸುತ್ತಿದ ಕುಚ್ಚು.

ಕೈಯಿಂದ ಕೈಗೆ ದಾಟುತ್ತಿದ್ದ ವಿದ್ಯೆ ಕಡಿದುಹೋಗಲು ಮಣಿ ಸಾಲದು, ಸರ್ಕಾರ ಬೇಕಾಯಿತು. ಕೆನಡಾದ 1876ರ ಇಂಡಿಯನ್ ಆಕ್ಟ್ ಮೂಲನಿವಾಸಿಗಳ ಬದುಕನ್ನು ಅಧಿಕಾರಿಗಳ ಕೈಗಿತ್ತಿತು. 1895ರ ತಿದ್ದುಪಡಿ ಬಯಲುಸೀಮೆಯ ಆಚರಣೆಗಳ ಮುಖ್ಯ ಭಾಗಗಳನ್ನು ಅಪರಾಧವಾಗಿಸಿತು. ಆ ನಿಷೇಧ ಕಾನೂನಿನಿಂದ ಹೋದದ್ದು 1951ರಲ್ಲಿ. ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಭಾಷೆ ಬಿಡಿಸಿದ ವಸತಿಶಾಲೆಗಳು 1990ರ ದಶಕದವರೆಗೂ ನಡೆದವು. ಏಳೆಂಟು ವರ್ಷದ ಹುಡುಗಿ ಅಜ್ಜಿಯ ಪಕ್ಕ ಕೂತು ಮುಳ್ಳು ವಿಂಗಡಿಸುವ ವಯಸ್ಸಿನಲ್ಲಿ ಶಾಲೆಯ ನೆಲ ಒರೆಸುತ್ತಿದ್ದಳು. ‘ಮರೆತುಹೋದ ಕಲೆ’ ಎಂದು ಯಾವ ಫಲಕದಲ್ಲೂ ಬರೆಯಬೇಡಿ. ಯಾರೂ ತಾವಾಗಿ ಮರೆಯಲಿಲ್ಲ. ಇಂದು ಮತ್ತೆ ಕಲಿಯುತ್ತಿರುವ ಹುಡುಗಿಯರು ಮ್ಯೂಸಿಯಂಗೆ ಬಂದು ಮುತ್ತಜ್ಜಿಯರ ಹೊಲಿಗೆಯನ್ನು ಭೂತಗನ್ನಡಿಯಲ್ಲಿ ಓದುತ್ತಾರೆ. ಆ ಓದಿಗೆ ಮೇಜು ಸಿದ್ಧವಿಡುವುದೂ ಸಂರಕ್ಷಣೆಯೇ.

10. ವಿಷ ಇದೆಯೆಂದೇ ಭಾವಿಸಿ ಶುರುಮಾಡಿ

ಮುಳ್ಳು, ತೊಗಲು, ಉಣ್ಣೆ ಮೂರೂ ನುಸಿ ಮತ್ತು ತೊಗಲುಹುಳುಗಳಿಗೆ ಹಬ್ಬದೂಟ. 20ನೇ ಶತಮಾನದ ಬಹುಭಾಗ ಜಗತ್ತಿನಾದ್ಯಂತ ಮ್ಯೂಸಿಯಂಗಳು ಇವುಗಳನ್ನು ಕಾಪಾಡಲು ಆರ್ಸೆನಿಕ್ ಮತ್ತು ಪಾದರಸದ ಲವಣಗಳನ್ನು ಬಳಸಿದವು. ಯಾವುದಕ್ಕೆ ಎಷ್ಟು ಹಾಕಿದರೆಂದು ಬರೆದಿಟ್ಟದ್ದು ಅಪರೂಪ. ಆ ವಿಷ ಈಗಲೂ ಅಲ್ಲೇ ಇದೆ. ಎಕ್ಸ್‌ಆರ್‌ಎಫ್ ಎಂಬ, ಕೈಯಲ್ಲಿ ಹಿಡಿಯಬಹುದಾದ ಎಕ್ಸ್‌ರೇ ಉಪಕರಣ ವಸ್ತುವಿನ ಚೂರನ್ನೂ ಕೀಳದೆ ಈ ಲೋಹಗಳನ್ನು ಪತ್ತೆಹಚ್ಚುತ್ತದೆ.

ಪರೀಕ್ಷೆಯಾಗುವ ತನಕ ನೈಟ್ರೈಲ್ ಕೈಗವಸು ತೆಗೆಯಬೇಡಿ. ಹಳೆಯ ಮುಳ್ಳನ್ನು ಯಾರೂ ಬಾಯಿಗಿಡದಂತೆ ನೋಡಿಕೊಳ್ಳಿ. ಮೊಕಾಸಿನ್ ಸಮುದಾಯಕ್ಕೆ ಮರಳುವಾಗ ಈ ಎಚ್ಚರದ ತೂಕ ಹೆಚ್ಚಾಗುತ್ತದೆ. ಅವರಿಗೆ ಅದು ಕಾಲಿಗೆ ಹಾಕಿ ಕುಣಿಯುವ ವಸ್ತು, ಕಪಾಟಿನ ವಸ್ತುವಲ್ಲ. ವಿಷದ ಪರೀಕ್ಷೆಯ ವರದಿ ಅವರ ಕೈಸೇರದೆ ವಸ್ತು ಬಾಗಿಲು ದಾಟಬಾರದು. ಇಂದು ನಾವು ಹುಳಕ್ಕೆ ಕೊಡುವ ಮದ್ದು ಚಳಿ: ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇಲ್ಲವೇ ಅದಕ್ಕೂ ಕೆಳಗೆ, ಕನಿಷ್ಠ ಒಂದು ವಾರ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವ ತನಕ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ತೊಗಲಿನ ಮೇಲೆ ತೇವ ಕೂರುತ್ತದೆ.

11. ಬಾಗಿಲು ತೆರೆಯುವುದೂ ಕೌಶಲವೇ

1988ರಲ್ಲಿ ಕ್ಯಾಲ್ಗರಿಯ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಅಲ್ಲಿನ ಗ್ಲೆನ್‌ಬೋ ಮ್ಯೂಸಿಯಂ ಮೂಲನಿವಾಸಿಗಳ ಕಲೆಯ ‘ದಿ ಸ್ಪಿರಿಟ್ ಸಿಂಗ್ಸ್’ ಎಂಬ ದೊಡ್ಡ ಪ್ರದರ್ಶನ ಏರ್ಪಡಿಸಿತು. ಪ್ರಾಯೋಜಕ ಒಂದು ತೈಲ ಕಂಪನಿ. ಉತ್ತರ ಆಲ್ಬರ್ಟಾದ ಲುಬಿಕಾನ್ ಕ್ರೀಗಳು ಆಗ ತೈಲ ತೆಗೆಯುವವರಿಂದ ತತ್ತರಿಸಿದ್ದ ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದರು. ಬದುಕಿರುವ ಕ್ರೀಗಳ ಹಕ್ಕು ಒಪ್ಪದೆ ಅವರ ಪೂರ್ವಿಕರ ಕಲೆಯನ್ನು ಮೆರೆಸುವುದೇನು ಎಂದು ಕೇಳಿ ಬಹಿಷ್ಕಾರಕ್ಕೆ ಕರೆಕೊಟ್ಟರು. ಹಲವು ದೇಶಗಳ ಮ್ಯೂಸಿಯಂಗಳು ವಸ್ತು ಕಳಿಸಲಿಲ್ಲ. ಅದರ ಫಲವಾಗಿ ಮೂಲನಿವಾಸಿಗಳ ರಾಷ್ಟ್ರೀಯ ಸಭೆ ಮತ್ತು ಕೆನಡಾದ ಮ್ಯೂಸಿಯಂಗಳ ಸಂಘ ಒಟ್ಟಾಗಿ ಸಿದ್ಧಪಡಿಸಿದ 1992ರ ವರದಿ ನಮ್ಮ ಕೆಲಸದ ರೀತಿಯನ್ನೇ ಬದಲಿಸಿತು. ವಸ್ತುವನ್ನು ಹೇಗೆ ಇಡಬೇಕು, ತೋರಿಸಬೇಕೇ ಬೇಡವೇ ಎಂಬುದನ್ನು ಅದರ ಜನರ ಜೊತೆ ಕೂತು ತೀರ್ಮಾನಿಸಬೇಕು.

ನಿತ್ಯದ ಕೆಲಸದಲ್ಲಿ ಇದು ಚಿಕ್ಕ ಚಿಕ್ಕ ಸಿದ್ಧತೆಗಳಾಗಿ ಬರುತ್ತದೆ. ಹಿರಿಯರಿಂದ ಏನನ್ನಾದರೂ ಕೇಳುವ ಮೊದಲು ತಂಬಾಕು ಅರ್ಪಿಸಿ. ಪ್ರಾರ್ಥನೆಗೆ ಸೇಜ್ ಅಥವಾ ಸ್ವೀಟ್‌ಗ್ರಾಸ್ ಎಂಬ ಪರಿಮಳದ ಸಸ್ಯಗಳ ಹೊಗೆ ಹಾಕುವುದಿದ್ದರೆ ಬೆಂಕಿಯ ಅಲಾರ್ಮ್ ನೋಡಿಕೊಳ್ಳುವವರಿಗೆ ಮೊದಲೇ ಹೇಳಿಡಿ. ಪ್ರಾರ್ಥನೆಯ ನಡುವೆ ಸೈರನ್ ಕೂಗಬಾರದು. ಕುರ್ಚಿಗಳು ಮೇಜಿನ ಸುತ್ತ ಇರಲಿ, ಒಂದೇ ಕಡೆ ಸಾಲಾಗಿ ಅಲ್ಲ. ಕೈಗವಸು ಏಕೆಂದು ವಿವರಿಸಿ. ಅವರ ಕೈ ಕೊಳೆಯೆಂದಲ್ಲ, ನಮ್ಮ ಹಿಂದಿನವರು ಹಾಕಿದ ವಿಷ ಅವರಿಗೆ ತಾಗಬಾರದೆಂದು. ಚಹಾ ಬೇರೆ ಕೋಣೆಯಲ್ಲಿರಲಿ, ಆದರೆ ಇರಲೇಬೇಕು. ಹಿಮ್ಮಡಿಯ ಸವೆತ ನೋಡಿ ಅಜ್ಜಿ ಹೇಳುವ ಮಾತು, ಮೇಲ್ತುಂಡು ಹಳೆಯದು ಅಡಿ ಹೊಸದು ಎಂದು ಬೆರಳಿಟ್ಟು ತೋರಿಸುವ ರೀತಿ ಯಾವ ಸೂಕ್ಷ್ಮದರ್ಶಕಕ್ಕೂ ದಕ್ಕುವುದಲ್ಲ. ಅಂದಹಾಗೆ, ಸವೆದದ್ದನ್ನೆಲ್ಲ ಸರಿಪಡಿಸುವ ಚಪಲ ಬೇಡ. ತೇಪೆಯೂ ಸವೆತವೂ ಯಾರೋ ನಡೆದದ್ದಕ್ಕೆ ಸಾಕ್ಷಿ.

12. ಹೆಸರು ಕೇಳಿ, ಬರೆದಿಡಿ

1859–60ರಲ್ಲಿ ಸದಸ್ಕ್‌ನ ಅರ್ಲ್ ಎಂಬ ಸ್ಕಾಟಿಷ್ ಶ್ರೀಮಂತ ಈ ಬಯಲುಸೀಮೆಯಲ್ಲಿ ಸುತ್ತಾಡಿ, ಮುಳ್ಳಿನ ಮತ್ತು ಮಣಿಯ ಕೆಲಸದ ಹಲವು ವಸ್ತುಗಳನ್ನು ತನ್ನ ಕೋಟೆಮನೆಗೆ ಒಯ್ದ. 2006ರಲ್ಲಿ ಅವು ನ್ಯೂಯಾರ್ಕ್‌ನಲ್ಲಿ ಹರಾಜಿಗೆ ಬಂದಾಗ, ಎಡ್ಮಂಟನ್‌ನ ರಾಯಲ್ ಆಲ್ಬರ್ಟಾ ಮ್ಯೂಸಿಯಂ ಹಲವನ್ನು ಕೊಂಡು ಮರಳಿ ತಂದಿತು. ಇಂದಿಗೂ ಅವನ್ನು ಕರೆಯುವುದು ಅರ್ಲ್‌ನ ಹೆಸರಿನಿಂದ. ಕೊಂಡವನಿಗೆ ಹೆಸರಿದೆ, ಮಾಡಿದವಳಿಗಿಲ್ಲ. ಜಗತ್ತಿನ ಬಹುತೇಕ ಕಪಾಟುಗಳ ಕಥೆ ಇದೇ.

ಇದಕ್ಕೆ ಎದುರುತ್ತರದಂತಿತ್ತು ಮೆಟಿ ಕಲಾವಿದೆ ಕ್ರಿಸ್ಟಿ ಬೆಲ್ಕೋರ್ಟ್ 2012ರಲ್ಲಿ ಕೊಟ್ಟ ಕರೆ. ಕಾಣೆಯಾದ, ಕೊಲೆಯಾದ ಮೂಲನಿವಾಸಿ ಹೆಣ್ಣುಮಕ್ಕಳಿಗಾಗಿ ಮೊಕಾಸಿನ್‌ನ ಮೇಲ್ತುಂಡುಗಳನ್ನಷ್ಟೇ ಹೊಲಿದು ಕಳಿಸಿ ಎಂದರು. 1,700ಕ್ಕೂ ಹೆಚ್ಚು ಜೊತೆ ಬಂದವು. ‘ವಾಕಿಂಗ್ ವಿತ್ ಅವರ್ ಸಿಸ್ಟರ್ಸ್’ ಎಂಬ ಹೆಸರಿನಲ್ಲಿ 2013ರಿಂದ ಊರೂರು ಸುತ್ತಿದ ಆ ಪ್ರದರ್ಶನದಲ್ಲಿ ಜನ ಚಪ್ಪಲಿ ಕಳಚಿ ಕೆಂಪು ಬಟ್ಟೆಯ ದಾರಿಯ ಮೇಲೆ ನಡೆದರು. ಅಡಿ ಹೊಲಿಯದ ಮೊಕಾಸಿನ್, ಪೂರ್ತಿಯಾಗದ ಬದುಕು.

ಕೆನಡಾದಲ್ಲಿ ನೆಲೆಸಿದ ಕನ್ನಡಿಗರು ಈಗ ಮೊಕಾಸಿನ್ ಕೊಳ್ಳುತ್ತಾರೆ, ಊರಿಗೂ ಒಯ್ಯುತ್ತಾರೆ. ಮಾಡಿದವರಿಂದಲೇ ಕೊಳ್ಳಿ. ತೊಗಲು ಯಾವುದು, ಮನೆಯಲ್ಲಿ ಹೊಗೆ ಹಾಕಿದ್ದೋ ಕಾರ್ಖಾನೆಯದೋ, ಮುಳ್ಳು ನಿಜವಾದದ್ದೋ ಎಂದು ಕೇಳಿ. ಕೇಳಿದರೆ ಸಿಟ್ಟಾಗುವುದಿಲ್ಲ, ಖುಷಿಯಾಗಿ ಹೇಳುತ್ತಾರೆ. ಬೆಲೆ ಹೆಚ್ಚೆನಿಸಿದರೆ ಮೊದಲ ಪಾಠವನ್ನು ಇನ್ನೊಮ್ಮೆ ಓದಿ, ಚೌಕಾಸಿ ಬೇಡ. ಮನೆಯೊಳಗೆ ಹಾಕಿಕೊಂಡು ಓಡಾಡಿ, ಅದಕ್ಕೇ ಮಾಡಿದ್ದು. ಇಡುವಾಗ ಬಿಸಿಲು ತಾಗದ ಜಾಗ, ಹತ್ತಿಬಟ್ಟೆ, ಆಕಾರ ಉಳಿಯಲು ಒಳಗೆ ಬಿಳಿ ತೆಳುಕಾಗದ. ನುಸಿಗುಳಿಗೆ ಬೇಡ. ಮುಂಬೈ, ಮಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಬರದಂತೆ ಆಗಾಗ ಗಾಳಿಗಿಡಿ.

ಕೊನೆಗೆ ಒಂದು ಚೀಟಿ ತೆಗೆದುಕೊಂಡು ಪೆನ್ಸಿಲ್‌ನಲ್ಲಿ ಬರೆಯಿರಿ: ಮಾಡಿದವರ ಹೆಸರು, ಅವರ ಊರು, ಅವರಿಗೆ ಕಲಿಸಿದವರ ಹೆಸರು, ಕೊಂಡ ವರ್ಷ. ಬರೆಯಬಹುದೇ ಎಂದು ಅವರನ್ನೇ ಕೇಳಿ ಬರೆಯಿರಿ. ಪೆನ್ಸಿಲ್ ಏಕೆಂದರೆ ಶಾಯಿ ಹರಡುತ್ತದೆ. ಚೀಟಿಯನ್ನು ಜೋಡಿಯಿಂದ ಬೇರ್ಪಡಿಸಬೇಡಿ. ಮುಂದೊಂದು ದಿನ ಅದು ನಿಮ್ಮ ಮೊಮ್ಮಕ್ಕಳ ಕೈಯಿಂದ ನನ್ನಂಥವಳೊಬ್ಬಳ ಮೇಜಿಗೆ ಬಂದರೆ, ಅವಳು ಮೊದಲು ಹುಡುಕುವುದು ಆ ಚೀಟಿಯನ್ನೇ.